ತಗಡಿನ ಕೂಲರ್: ಏಪ್ರಿಲ್‌ನಲ್ಲಿ ಔಷಧ, ಜೂನ್‌ನಲ್ಲಿ ಸೊಳ್ಳೆಯ ತೊಟ್ಟಿ

ಕಲಬುರಗಿಯಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ವೆಲ್ಡಿಂಗ್ ಅಂಗಡಿಗಳ ಮುಂದೆ ತಗಡಿನ ಕೂಲರ್‌ಗಳು ಸಾಲಾಗಿ ನಿಲ್ಲುತ್ತವೆ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಅಂಥದ್ದೇ ಒಂದನ್ನು: ಯಾವ ಕಂಪನಿಯ ಹೆಸರೂ ಇಲ್ಲದ, ಮೂರು ಬದಿಗೆ ಹುಲ್ಲಿನ ಪ್ಯಾಡ್, ನಡುವೆ ದೊಡ್ಡ ಎಕ್ಸಾಸ್ಟ್ ಫ್ಯಾನ್, ಕೆಳಗೆ ಎಪ್ಪತ್ತು ಲೀಟರ್ ಹಿಡಿಯುವ ತೊಟ್ಟಿ ಇರುವ, ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸುವ ಪೆಟ್ಟಿಗೆ. ಬೆಲೆ ಏಳು ಸಾವಿರದ ಆಸುಪಾಸು. ಕಳೆದ ಕೆಲವು ಬೇಸಿಗೆಗಳಿಂದ ನಮ್ಮ ತಾಯಿಯವರ ಕೋಣೆಗೆ ಇದೇ ಗಾಳಿ ಕೊಡುತ್ತಿದೆ. ಅವರಿಗೆ ಎಪ್ಪತ್ತು ದಾಟಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೀಗಾಗಿ ಇದನ್ನು ಸುಖದ ಸಾಮಾನೆಂದು ನೋಡದೆ, ಮನೆಯಲ್ಲಿ ರಕ್ತದೊತ್ತಡ ಅಳೆಯುವ ಯಂತ್ರವನ್ನು ಯಾವ ಮಾನದಂಡದಿಂದ ನೋಡುತ್ತೇವೋ ಅದೇ ಮಾನದಂಡದಿಂದ ನೋಡಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದಂಥ ಒಣ ಬಿಸಿಲಿನ ಊರುಗಳಲ್ಲಿ ಮಾರ್ಚ್‌ನಿಂದ ಮೇ ಮಧ್ಯದವರೆಗೆ ಈ ಬೆಲೆಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಸಿಗುವುದಿಲ್ಲ. ಆದರೆ ಗಾಳಿಯಲ್ಲಿ ತೇವ ಏರಿದ ದಿನದಿಂದ ಅದರ ಗುಣ ಕುಂದುತ್ತದೆ, ನಿರ್ಲಕ್ಷಿಸಿದರೆ ಬೇರೊಂದು ಕಾಯಿಲೆಯನ್ನೇ ಮನೆಗೆ ಕರೆಯುತ್ತದೆ. ಈ ಎರಡನೆಯ ಸಂಗತಿಯನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಮೊದಲು ಅದು ಮಾಡುವ ಕೆಲಸ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಕೂಲರ್ ಆ ಶಾಖವನ್ನು ಒಳಗೆ ಬರುವ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಎಷ್ಟರವರೆಗೆ ಕಿತ್ತುಕೊಳ್ಳಬಲ್ಲದು ಎಂಬುದನ್ನು ನಿರ್ಧರಿಸುವುದು ವೆಟ್ ಬಲ್ಬ್ ಉಷ್ಣತೆ, ಅಂದರೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ ಉಷ್ಣಮಾಪಕ ತೋರಿಸುವ ಅಂಕಿ. ಇಲ್ಲಿನ ಏಪ್ರಿಲ್ ಮಧ್ಯಾಹ್ನದಲ್ಲಿ ಹೊರಗೆ 42 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇ 20ರಷ್ಟಿದ್ದರೆ ವೆಟ್ ಬಲ್ಬ್ ಉಷ್ಣತೆ 24 ಡಿಗ್ರಿಯ ಹತ್ತಿರ ಇರುತ್ತದೆ. ಪ್ಯಾಡ್‌ಗಳು ಚೆನ್ನಾಗಿ ನೆನೆದಿದ್ದರೆ ಈ ಎರಡರ ನಡುವಿನ ಅಂತರದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಕೂಲರ್ ಇಳಿಸುತ್ತದೆ; ಜಾಲರಿಯಿಂದ ಹೊರಬರುವ ಗಾಳಿ 28 ಡಿಗ್ರಿಯ ಸುಮಾರಿಗೆ ಬರುತ್ತದೆ. ನಮ್ಮ ಮನೆಯ ಸಾಧಾರಣ ಉಷ್ಣಮಾಪಕ ತೋರಿಸಿದ್ದೂ ಹೆಚ್ಚುಕಡಿಮೆ ಅಷ್ಟನ್ನೇ. ಕೋಣೆಯ ಮಧ್ಯದಲ್ಲಿ, ಬೆಂದ ಆರ್‌ಸಿಸಿ ಛಾವಣಿಯ ಕೆಳಗೆ, ಅದು 32–33 ಆಗಿರುತ್ತದೆ. ಅಂಗಡಿಯವರು ಹೇಳುವ ‘ಎಸಿಯಂಥ ತಂಪು’ ಇದಲ್ಲ, ಆದರೆ ಹಿರಿಯರೊಬ್ಬರ ದೇಹಕ್ಕೆ ಹೊರಗಿನ 42ಕ್ಕೂ ಒಳಗಿನ 33ಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು.

ಅದು ಎಷ್ಟು ದೊಡ್ಡದೆಂಬುದನ್ನು ತಿಳಿಯಲು ಸೀಲಿಂಗ್ ಫ್ಯಾನನ್ನೇ ಹೋಲಿಸಿ ನೋಡಬೇಕು. ನಮ್ಮ ಚರ್ಮದ ಉಷ್ಣತೆ 35 ಡಿಗ್ರಿಯ ಆಸುಪಾಸಿನದು. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾದಾಗ ಫ್ಯಾನ್ ಬೆವರನ್ನು ಆರಿಸುವುದರ ಜೊತೆಗೆ ಬಿಸಿಯನ್ನೂ ಮೈಮೇಲೆ ಸುರಿಯುತ್ತದೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ದೇಹವನ್ನು ಕಾಯಿಸುತ್ತದೆಯೇ ಹೊರತು ತಣಿಸುವುದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. ವಯಸ್ಸಾದವರಿಗೆ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕಡಿಮೆಯಾಗಿರುತ್ತವೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಇಳಿಸುತ್ತವೆ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಮುಟ್ಟಿ ಮಾತು ತೊದಲಿ ಪ್ರಜ್ಞೆ ಮಸುಕಾದರೆ ಅದು ಹೀಟ್ ಸ್ಟ್ರೋಕ್, ಅಂದರೆ ತುರ್ತು ಚಿಕಿತ್ಸೆಯ ಸ್ಥಿತಿ. ಆದರೆ ಬಿಸಿಲಿನ ಸಾವುಗಳೆಲ್ಲ ಆ ಹೆಸರಿನಲ್ಲಿ ದಾಖಲಾಗುವುದಿಲ್ಲ. ಹೃದಯಾಘಾತ, ಮೂತ್ರಪಿಂಡದ ವೈಫಲ್ಯ ಎಂಬ ಹೆಸರುಗಳ ಹಿಂದೆ ಅವು ಅಡಗಿರುತ್ತವೆ.

ಅಹಮದಾಬಾದ್ ಈ ಲೆಕ್ಕವನ್ನು ಕಷ್ಟಪಟ್ಟು ಕಲಿತ ನಗರ. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಬಿಸಿ ದಾಖಲಾಯಿತು. 2009 ಮತ್ತು 2011ರ ಮೇ ತಿಂಗಳಿಗೆ ಹೋಲಿಸಿ ನೋಡಿದ ಸಂಶೋಧಕರಿಗೆ ಆ ಒಂದೇ ತಿಂಗಳಲ್ಲಿ 1,344 ಹೆಚ್ಚುವರಿ ಸಾವುಗಳು ಕಂಡವು. 2013ರಲ್ಲಿ ಆ ನಗರಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕಾರ್ಯಯೋಜನೆಯನ್ನು ರೂಪಿಸಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರಿನ ತಾಣಗಳು ಅದರಲ್ಲಿದ್ದವು. ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಸೇರಿತು. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷಗಳ ನೀತಿಯೊಂದನ್ನು ತಂದಿತು. ಕೂಲರ್‌ನ ವಿಮರ್ಶೆಯಲ್ಲಿ ಇದನ್ನು ಹೇಳಲು ಕಾರಣವಿದೆ: ಛಾವಣಿಗೆ ಸುಣ್ಣ ಬಳಿದ ಬೇಸಿಗೆಯಲ್ಲಿ ಇದೇ ಕೂಲರ್ ರಾತ್ರಿ ಹತ್ತರ ಹೊತ್ತಿಗೇ ಕೋಣೆಯನ್ನು ಹಿಡಿತಕ್ಕೆ ತಂದಿತು, ಬಳಿಯದ ವರ್ಷ ನಡುರಾತ್ರಿಯವರೆಗೂ ಒದ್ದಾಡಿತು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ರಾತ್ರಿ ಅದನ್ನು ಕೆಳಗೆ ಇಳಿಸುತ್ತದೆ. ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಮೇಲ್ಛಾವಣಿ ಈ ಕೆಲಸವನ್ನು ಕರೆಂಟಿಲ್ಲದೆ ಮಾಡುತ್ತಿತ್ತು. ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸಿದವರು ಕೂಲರ್ ಕೊಳ್ಳುವ ಮೊದಲು ಒಂದು ಡಬ್ಬಿ ಸುಣ್ಣ ಕೊಳ್ಳುವುದು ಒಳ್ಳೆಯದು.

ರಾತ್ರಿಯ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿವರಿಸುತ್ತೇನೆ. ಬೇಸಿಗೆಯ ಅಪಾಯವನ್ನು ನಾವು ಮಧ್ಯಾಹ್ನದ ಅಂಕಿಯಿಂದ ಅಳೆಯುತ್ತೇವೆ, ಆದರೆ ದೇಹ ಚೇತರಿಸಿಕೊಳ್ಳುವುದು ರಾತ್ರಿ. ಹಗಲೆಲ್ಲ ಚರ್ಮಕ್ಕೆ ರಕ್ತ ತಳ್ಳಿ ದಣಿದ ಹೃದಯಕ್ಕೆ ರಾತ್ರಿಯೂ ಬಿಡುವು ಸಿಗದಿದ್ದರೆ ಮಾರನೆಯ ದಿನದ ಬಿಸಿಲು ಇನ್ನಷ್ಟು ಬಡಿಯುತ್ತದೆ. ಹವಾಮಾನ ಇಲಾಖೆಯು ಬಿಸಿಗಾಳಿಯ ಜೊತೆಗೆ ‘ಬೆಚ್ಚನೆಯ ರಾತ್ರಿ’ಗಳನ್ನೂ ಗುರುತಿಸಿ ಎಚ್ಚರಿಸುವುದು ಇದೇ ಕಾರಣಕ್ಕೆ. ಕೂಲರ್‌ನ ನಿಜವಾದ ಉಪಯೋಗ ನನಗೆ ಕಂಡದ್ದೂ ರಾತ್ರಿಯಲ್ಲೇ: ತಾಯಿಯವರು ಎಚ್ಚರವಾಗದೆ ಮಲಗುತ್ತಾರೆ, ಬೆಳಿಗ್ಗೆ ತಲೆಸುತ್ತು ಎನ್ನುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅದು ಕೊಡುವ ಸಮಾಧಾನಕ್ಕಿಂತ ಇದನ್ನು ನಾನು ಹೆಚ್ಚೆಂದು ಎಣಿಸುತ್ತೇನೆ.

ಕಲಬುರಗಿಗೆ 42 ಡಿಗ್ರಿ ಹೊಸದಲ್ಲ, ಇದಕ್ಕೇಕೆ ಹವಾಮಾನ ಬದಲಾವಣೆಯ ಹೆಸರು ಎಂದು ಕೇಳುವವರಿದ್ದಾರೆ. ಸರಕಾರಿ ಕಚೇರಿಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುವ ಪದ್ಧತಿ ಈ ಭಾಗದಲ್ಲಿ ಇರುವುದೂ ನಿಜ. ಆದರೆ ಭಾರತದ ಸರಾಸರಿ ಉಷ್ಣತೆ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಸರಾಸರಿಯಲ್ಲಿ ಇಷ್ಟೇ ಏರಿದರೂ ತುದಿಯ ದಿನಗಳು ಬಹಳ ಹೆಚ್ಚುತ್ತವೆ. 2022ರ ಮಾರ್ಚ್ ದೇಶದಲ್ಲಿ 1901ರ ನಂತರದ ಅತಿ ಬಿಸಿಯ ಮಾರ್ಚ್ ಆಗಿತ್ತು. ಆ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ಭಾರತ ಮತ್ತು ಪಾಕಿಸ್ತಾನವನ್ನು ಸುಟ್ಟ ಬಿಸಿಯ ಸಾಧ್ಯತೆಯನ್ನು ಮನುಷ್ಯರಿಂದಾದ ತಾಪಮಾನ ಏರಿಕೆಯು ಸುಮಾರು 30 ಪಟ್ಟು ಹೆಚ್ಚಿಸಿತ್ತು ಎಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಬೇಸಿಗೆ ಬೇಗ ಶುರುವಾಗುವುದರ ಪರಿಣಾಮವನ್ನು ಕೂಲರ್ ಅಂಗಡಿಗಳಲ್ಲೇ ನೋಡಬಹುದು. ಯುಗಾದಿಯ ನಂತರ ಕೆಳಗಿಳಿಸಿ ತೊಳೆಯುತ್ತಿದ್ದ ಕೂಲರ್‌ಗಳನ್ನು ಶಿವರಾತ್ರಿಗೇ ರಿಪೇರಿಗೆ ತರುತ್ತಿದ್ದಾರೆ ಎಂದು ನಮ್ಮ ಕೂಲರ್ ಮಾಡಿಕೊಟ್ಟವರು ಹೇಳಿದರು.

ಬಳಸುವ ಕ್ರಮದ ಬಗ್ಗೆಯೂ ಅವರು ಹೇಳಿದ ಒಂದು ಮಾತು ಯಾವ ಕಂಪನಿಯ ಕೈಪಿಡಿಗಿಂತಲೂ ಉಪಯುಕ್ತವಾಗಿತ್ತು: “ಎದುರಿನ ಕಿಡಕಿ ತೆರದಿಡ್ರಿ ಸರ. ಎಲ್ಲಾ ಬಂದ್ ಮಾಡಿದ್ರ ಒಳಗ ಬರೇ ಶಕೆ ಆಗ್ತದ.” ಎಸಿಯ ರೂಢಿಯಿಂದ ಬಂದವರು ಬಾಗಿಲು ಕಿಟಕಿ ಮುಚ್ಚಿ ಕೂಲರ್ ಹಾಕುತ್ತಾರೆ, ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ಒದ್ದೆಯಾಗಿ ಬೆವರು ಆರದಂತಾಗುತ್ತದೆ. ಕೂಲರ್ ಹೊರಗಿನ ಒಣ ಗಾಳಿಯನ್ನು ಎಳೆದು, ತಣಿಸಿ, ಕೋಣೆಯ ಮೂಲಕ ಹಾಯಿಸಿ, ಇನ್ನೊಂದು ಕಿಟಕಿಯಿಂದ ಹೊರಗೆ ತಳ್ಳಬೇಕು. ಕೋಣೆಯ ಮೂಲೆಯಲ್ಲಿಡುವ ಪ್ಲಾಸ್ಟಿಕ್ ಕೂಲರ್‌ಗಳು ನನಗೆ ಇಷ್ಟವಾಗದಿರುವುದಕ್ಕೆ ಮುಖ್ಯ ಕಾರಣ ಇದೇ. ಅವು ಒಳಗಿನ ತೇವದ ಗಾಳಿಯನ್ನೇ ಮತ್ತೆ ಮತ್ತೆ ನೆನೆಸುತ್ತವೆ.

ಅವುಗಳ ಐಸ್ ಚೇಂಬರ್ ಕುರಿತೂ ಒಂದು ಲೆಕ್ಕ. ಒಂದು ಕಿಲೋ ಐಸ್ ಕರಗುವಾಗ ಹೀರುವುದು ಸುಮಾರು 334 ಕಿಲೋಜೌಲ್, ಅಂದರೆ ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದರ ಏಳನೆಯ ಒಂದು ಭಾಗ. ಎರಡು ಕಿಲೋ ಐಸ್ ಸುರಿದರೆ ಸಿಗುವ ಲಾಭ ಎರಡು ಲೋಟ ನೀರಿನ ಆವಿಗಿಂತ ಹೆಚ್ಚಲ್ಲ. ಆ ಐಸ್ ಮಾಡಲು ಫ್ರಿಜ್ ತನ್ನ ಬೆನ್ನಿನಿಂದ ಅಡುಗೆಮನೆಗೆ ಬಿಡುವ ಬಿಸಿ ಬೇರೆ.

ಈಗ ಮಿತಿಗಳು. ಮೇ ಕೊನೆಯಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಹೊರಗೆ 36 ಡಿಗ್ರಿ, ಆರ್ದ್ರತೆ ಶೇ 50 ಆದರೆ ವೆಟ್ ಬಲ್ಬ್ ಉಷ್ಣತೆ 27 ದಾಟುತ್ತದೆ. ಆಗ ಕೂಲರ್ ಗಾಳಿ 29ಕ್ಕೆ ಇಳಿದರೂ ಅದರಲ್ಲಿ ತೇವ ತುಂಬಿರುವುದರಿಂದ ಮೈ ಅಂಟಂಟಾಗುತ್ತದೆ. ಉಷ್ಣಮಾಪಕ ಕಡಿಮೆ ತೋರಿಸುತ್ತದೆ, ದೇಹಕ್ಕೆ ಹಾಗೆ ಅನ್ನಿಸುವುದಿಲ್ಲ. ಇದು ತಯಾರಿಕೆಯ ದೋಷವಲ್ಲ, ಆವಿಯಾಗುವಿಕೆಯ ನಿಯಮ. ನಮ್ಮ ಬೆವರಿಗೂ ಅದೇ ನಿಯಮ. ವೆಟ್ ಬಲ್ಬ್ ಉಷ್ಣತೆ 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳ ಮೇಲೆ ಬದುಕುವುದು ಕಷ್ಟ ಎಂದು 2010ರಲ್ಲಿ ವಿಜ್ಞಾನಿಗಳು ಸೈದ್ಧಾಂತಿಕವಾಗಿ ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಯುವಕರ ದೇಹವೇ ತೇವದ ವಾತಾವರಣದಲ್ಲಿ ವೆಟ್ ಬಲ್ಬ್ 31 ಡಿಗ್ರಿಯ ಸುಮಾರಿಗೆ ಉಷ್ಣತೆಯ ಹಿಡಿತ ಕಳೆದುಕೊಂಡಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹೀಗಾಗಿ ಜಗತ್ತು ಕಾದಷ್ಟೂ ಕೂಲರ್‌ನ ಅಗತ್ಯ ಹೆಚ್ಚುತ್ತದೆ, ತೇವ ಏರಿದ ದಿನಗಳಲ್ಲಿ ಅದರ ಶಕ್ತಿಯೂ ಕುಂದುತ್ತದೆ. ಈ ಸಾಧನದ ಭವಿಷ್ಯದ ಬಗ್ಗೆ ನನಗಿರುವ ದೊಡ್ಡ ಅನುಮಾನ ಇದೇ.

ಇನ್ನೊಂದು ಮಿತಿ ತೊಟ್ಟಿಯಲ್ಲಿದೆ, ಇಲ್ಲಿ ನಾನು ಕಠಿಣವಾಗಿಯೇ ಅಂಕ ಕೊಡುತ್ತೇನೆ. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯ ತಿಳಿ ನೀರನ್ನೇ ಬಯಸುತ್ತದೆ. ನೆರಳು, ನಿಂತ ನೀರು, ಒರಟು ಗೋಡೆ, ಹತ್ತಿರದಲ್ಲೇ ಮನುಷ್ಯರು: ಕೂಲರ್ ತೊಟ್ಟಿಯಲ್ಲಿ ಅದಕ್ಕೆ ಬೇಕಾದ ಎಲ್ಲವೂ ಇದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಕಾಲದಲ್ಲಿ ಏಳರಿಂದ ಹತ್ತು ದಿನ ಸಾಕು. ಕೂಲರ್ ಓಡುತ್ತಿರುವಾಗ ನೀರು ಕದಲುತ್ತಲೇ ಇರುವುದರಿಂದ ಅಪಾಯ ಕಡಿಮೆ. ಮಳೆ ಬಿದ್ದು ತಂಪಾಗಿ, ಇನ್ನು ಬೇಡವೆಂದು ಸ್ವಿಚ್ ಆರಿಸಿ, ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಉಳಿಸಿ ಮರೆತುಬಿಡುವ ಜೂನ್ ತಿಂಗಳೇ ಕೆಟ್ಟದ್ದು. ನೀರು ಚೆಲ್ಲಿದರೂ ಸಾಲದು. ಆ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಗೋಡೆಗೆ ಅಂಟಿಕೊಂಡು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬದುಕುತ್ತವೆ; ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಆದ್ದರಿಂದ ತೊಟ್ಟಿಯನ್ನು ಬ್ರಷ್‌ನಿಂದ ಉಜ್ಜಲೇಬೇಕು. ತಗಡಿನ ಕೂಲರ್‌ನಲ್ಲಿ ಒಳಗೆ ಕೈ ಹೋಗುವಂತೆ ಪ್ಯಾಡ್ ಬಾಗಿಲುಗಳನ್ನು ಪೂರ್ತಿ ಕಳಚಬಹುದು, ಕೆಳಗೆ ನೀರು ಬಿಡುವ ತೂತೂ ಇದೆ. ಇದು ಅದರ ದೊಡ್ಡ ಗುಣ. ಹಲವು ಪ್ಲಾಸ್ಟಿಕ್ ಮಾದರಿಗಳಲ್ಲಿ ಹಿಂದಿನ ಮೂಲೆಗಳಿಗೆ ಕೈಯೇ ತಲುಪುವುದಿಲ್ಲ.

ಇಲ್ಲಿಯೂ ಹವಾಮಾನದ ಕೈಯಿದೆ. ಡೆಂಗಿ ವೈರಸ್ ಸೊಳ್ಳೆಯೊಳಗೆ ಬಲಿಯಲು ಬೇಕಾದ ಅವಧಿ ಬಿಸಿ ಏರಿದಂತೆ ಕಡಿಮೆಯಾಗುತ್ತದೆ. ರೋಗ ಹರಡಲು ಅತ್ಯಂತ ಅನುಕೂಲವಾದ ಉಷ್ಣತೆ 29 ಡಿಗ್ರಿಯ ಸುತ್ತಮುತ್ತ ಇದೆ. ನಲವತ್ತೆರಡರ ಬಿಸಿಲು ಸೊಳ್ಳೆಗೂ ಹಿತವಲ್ಲ. ಆದರೆ ಅದರಿಂದ ತಪ್ಪಿಸಿಕೊಳ್ಳಲು ನಾವು ಕಿಟಕಿಗೊಂದು ನೆರಳಿನ ತೊಟ್ಟಿ ಕಟ್ಟಿ, ಕೋಣೆಯನ್ನು ಮೂವತ್ತರ ಹತ್ತಿರಕ್ಕೆ ತಂದು, ಸೊಳ್ಳೆಗೂ ಆಶ್ರಯ ಕೊಡುತ್ತಿದ್ದೇವೆ. 2024ರಲ್ಲಿ ಡೆಂಗಿ ವಿಪರೀತವಾದಾಗ ಕರ್ನಾಟಕ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರು ನೀರಿನ ಡ್ರಮ್ಮು, ಹೂಕುಂಡಗಳ ಜೊತೆಗೆ ಕೂಲರನ್ನೂ ನೋಡಬೇಕೆಂದು ಕೇಳಿದರೆ ಅಸಮಾಧಾನ ಬೇಡ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಒಣಗಿಸುವುದು ಈ ಸಾಧನದ ಬೆಲೆಯೊಳಗೇ ಸೇರಿದ ಕೆಲಸವೆಂದು ತಿಳಿದೇ ಇದನ್ನು ಕೊಳ್ಳಬೇಕು.

ನೀರು ಮತ್ತು ವಿದ್ಯುತ್ತಿನ ಲೆಕ್ಕವನ್ನೂ ಹೇಳಬೇಕು. ಕಡು ಬಿಸಿಲಿನಲ್ಲಿ ಇದು ಗಂಟೆಗೆ ಹತ್ತು ಲೀಟರಿನಷ್ಟು ಕುಡಿಯುತ್ತದೆ, ರಾತ್ರಿ ಕಡಿಮೆ. ದಿನಕ್ಕೆ ನೂರು ಲೀಟರ್ ಎಂದಿಟ್ಟುಕೊಂಡರೆ, ನಗರದ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಎಂಬ ಪೂರೈಕೆಯ ಮಾನದಂಡದ ಮುಂದೆ ಇದು ಮನೆಯ ಇನ್ನೊಬ್ಬ ಸದಸ್ಯನಿದ್ದಂತೆ. ಭೀಮೆ ಮತ್ತು ಬೆಣ್ಣೆತೊರೆಯನ್ನು ನಂಬಿದ ಊರಿನಲ್ಲಿ, ನಲ್ಲಿ ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ, ಇದು ಸಣ್ಣ ಮಾತಲ್ಲ. ಬೋರ್‌ವೆಲ್ ನೀರು ಹಾಕಿದರೆ ಗಡಸುತನದಿಂದ ಪ್ಯಾಡ್ ಮೇಲೆ ಬಿಳಿ ಪೊರೆ ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆಗೆ ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಜೇನುಗೂಡಿನ ಆಕಾರದ ಕಾಗದದ ಪ್ಯಾಡ್ ಹೆಚ್ಚು ತಂಪು ಕೊಟ್ಟರೂ ಗಡಸು ನೀರಿನಲ್ಲಿ ಅದರ ದುಬಾರಿ ಬೆಲೆಗೆ ತಕ್ಕ ಬಾಳಿಕೆ ಬರುವುದಿಲ್ಲ.

ವಿದ್ಯುತ್ತಿನಲ್ಲಿ ಮಾತ್ರ ಇದರ ಗೆಲುವು ಸ್ಪಷ್ಟ. 200 ವ್ಯಾಟ್‌ನ ಕೂಲರ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ 72 ಯೂನಿಟ್. ಒಂದೂವರೆ ಟನ್ ಎಸಿ ಪೂರ್ಣ ವೇಗದಲ್ಲಿ ಅದರ ಏಳೆಂಟು ಪಟ್ಟು ಎಳೆಯುತ್ತದೆ, ಜೊತೆಗೆ ಒಳಗಿನ ಬಿಸಿಯನ್ನು ಪಕ್ಕದ ಮನೆಯ ಕಿಟಕಿಯ ಕಡೆಗೆ ಊದುತ್ತದೆ. ಆದರೆ ಗೃಹಜ್ಯೋತಿ ಯೋಜನೆಯಲ್ಲಿ ಬಹುತೇಕ ಮನೆಗಳ ಉಚಿತ ಮಿತಿಯನ್ನು ನಿಗದಿ ಮಾಡಿದ್ದು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಅಂದು ಕೂಲರ್ ಇಲ್ಲದಿದ್ದ ಬಡ ಮನೆ ಇಂದು ಒಂದನ್ನು ತಂದರೆ ಆ 72 ಯೂನಿಟ್‌ಗಳಲ್ಲಿ ಬಹುಪಾಲಿಗೆ ಹಣ ಕಟ್ಟಬೇಕು. ಸೆಕೆ ತಡೆಯಲು ತಗಲುವ ಖರ್ಚು ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದಕ್ಕೆ ಈ ಬಿಲ್ಲೇ ಉದಾಹರಣೆ. ಶಹಾಬಾದ್ ಕಲ್ಲು ಒಡೆಯುವವರಿಗೆ, ಬೇಳೆ ಮಿಲ್ಲಿನಲ್ಲಿ ತೊಗರಿಯ ಮೂಟೆ ಹೊರುವವರಿಗೆ ಹಗಲಿನಲ್ಲಿ ಯಾವ ಕೂಲರೂ ಇಲ್ಲ. ಕಚೇರಿಯ ವೇಳೆ ಬದಲಿಸುವ ಆದೇಶ ಅವರನ್ನು ಮುಟ್ಟುವುದಿಲ್ಲ.

ಸುರಕ್ಷತೆಯಲ್ಲಿ ರಿಯಾಯಿತಿ ಬೇಡ. ನೀರು, ತಗಡು, ಮೋಟಾರು ಒಂದೇ ಕಡೆ ಇರುವುದರಿಂದ ಅರ್ಥಿಂಗ್ ಇಲ್ಲದ ಕೂಲರ್ ಪ್ರಾಣಾಪಾಯಕಾರಿ. ಮೂರು ಪಿನ್ನಿನ ಪ್ಲಗ್ ಇದ್ದರಷ್ಟೇ ಸಾಲದು. ಮನೆಯ ಅರ್ಥಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್‌ ಕೈಯಲ್ಲಿ ಪರೀಕ್ಷಿಸಿ, ಸೋರಿಕೆಯಾದ ಕೂಡಲೇ ಕರೆಂಟು ಕಡಿಯುವ ಬ್ರೇಕರ್ ಹಾಕಿಸಬೇಕು. ನೀರು ತುಂಬುವಾಗ ಪ್ಲಗ್ ಕಿತ್ತಿರಲೇಬೇಕು, ಮಕ್ಕಳಿರುವ ಮನೆಯಲ್ಲಿ ಜಾಲರಿಗೆ ಕೈ ತಾಗದ ಎತ್ತರದಲ್ಲಿ ಇಡಬೇಕು.

ಕೊಳ್ಳಬೇಕಾದವರು ಯಾರು? ಬೀದರ್‌ನಿಂದ ಬಳ್ಳಾರಿಯವರೆಗಿನ ಒಣ ನಾಡಿನಲ್ಲಿ, ಹಿರಿಯರು, ಹಸುಗೂಸು, ಗರ್ಭಿಣಿ ಅಥವಾ ಹೃದಯ, ಮೂತ್ರಪಿಂಡದ ಕಾಯಿಲೆಯವರು ಇರುವ, ಎದುರುಬದುರು ಕಿಟಕಿಗಳಿರುವ ಮನೆಯವರು ಯೋಚಿಸದೆ ಕೊಳ್ಳಬಹುದು. ಬೆಂಗಳೂರಿನವರು ಛಾವಣಿಗೆ ಸುಣ್ಣ ಬಳಿದು ಒಂದು ಬೇಸಿಗೆ ಕಾಯಲಿ. 2016ರ ಏಪ್ರಿಲ್‌ನ 39.2 ಡಿಗ್ರಿಯ ದಾಖಲೆಯಂಥ ದಿನಗಳು ಅಲ್ಲಿ ಇನ್ನೂ ಕಡಿಮೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಇದು ಬೇಡವೇ ಬೇಡ. ಅಲ್ಲಿ 34 ಡಿಗ್ರಿಗೆ ಶೇ 65ರ ಆರ್ದ್ರತೆ ಸೇರಿದರೆ ವೆಟ್ ಬಲ್ಬ್ ಉಷ್ಣತೆ ಆಗಲೇ 28ನ್ನು ದಾಟಿರುತ್ತದೆ, ಕೂಲರ್ ಸೇರಿಸುವುದು ತೇವವನ್ನು ಮಾತ್ರ. ಕರಾವಳಿಯಲ್ಲಿ 37 ಡಿಗ್ರಿಗೇ ಬಿಸಿಗಾಳಿಯ ಪರಿಗಣನೆ ಶುರುವಾಗುವುದು, ಬಯಲಿನಲ್ಲಿ 40 ಬೇಕಾಗುವುದು ಸುಮ್ಮನೆ ಅಲ್ಲ.

ಕೊಂಡವರು ಮುಂಗಾರಿನ ಮೊದಲ ಜೋರು ಮಳೆಯ ವಾರದಲ್ಲೇ ಕೂಲರ್ ಕೆಳಗಿಳಿಸಿ, ಹಳೆಯ ಹುಲ್ಲನ್ನು ಎಸೆದು, ತೊಟ್ಟಿಯನ್ನು ಉಜ್ಜಿ ಬಿಸಿಲಿಗೆ ಒಣಗಿಸಿ, ತುಕ್ಕು ಹಿಡಿದ ಕಡೆ ಬಣ್ಣ ಬಳಿದು, ಮಳೆನೀರು ನಿಲ್ಲದಂತೆ ಬೋರಲು ಹಾಕಿಡಬೇಕು. ಪಂಪನ್ನು ಬೇರೆ ತೆಗೆದು ಒಣಗಿಸಿಟ್ಟರೆ ಮುಂದಿನ ಫೆಬ್ರವರಿಯಲ್ಲಿ ಹೊಸ ಪಂಪಿನ ಖರ್ಚು ಉಳಿಯುತ್ತದೆ.